ಇಳಿದದ್ದು 16 ಕಿಲೋ, ಲೆಕ್ಕ ಕೇಳುವವರು ಊರೆಲ್ಲ

ಪ್ರಶ್ನೆ: ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯ ಸೊಸೆ. ವಯಸ್ಸು 41, ಎತ್ತರ 156 ಸೆಂಟಿಮೀಟರ್. ಎರಡನೆಯ ಹೆರಿಗೆಯ ನಂತರ ಏರುತ್ತಲೇ ಹೋದ ತೂಕ 82 ಕಿಲೋ ಮುಟ್ಟಿದಾಗ, ಮಂಡಿನೋವಿಗೆಂದು ತೋರಿಸಿಕೊಂಡ ವೈದ್ಯರು ಮಾತ್ರೆಗಿಂತ ಮೊದಲು ಮೈಭಾರ ಇಳಿಯಬೇಕು ಎಂದರು. ಸುಮಾರು ಎರಡು ವರ್ಷ ಹಿಡಿದು ಈಗ 66ಕ್ಕೆ ಬಂದಿದ್ದೇನೆ. ಮಂಡಿನೋವು ಬಹುಮಟ್ಟಿಗೆ ಹೋಗಿದೆ. ತೋಟದ ಧರೆ ಹತ್ತಿ ಇಳಿಯಲು ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲ. ಆದರೆ ಬರೆಯಲು ಕೂತದ್ದು ಆ ಸಂತೋಷವನ್ನು ಹೇಳಿಕೊಳ್ಳುವುದಕ್ಕಲ್ಲ.

ತೂಕ ಹೆಚ್ಚಿದ್ದಾಗ ಮದುವೆ ಮನೆಗಳಲ್ಲಿ "ಮನೆಯ ತುಪ್ಪವೆಲ್ಲ ನಿನ್ನ ಮೈಮೇಲೇ ಇದೆಯಲ್ಲೇ" ಎಂದು ನಗುತ್ತಿದ್ದವರೇ ಈಗ "ಇದೇನು ಹೀಗೆ ಸೊರಗಿದ್ದೀಯ, ಸಕ್ಕರೆ ಕಾಯಿಲೆಯಾ, ಮನೆಯಲ್ಲಿ ಏನಾದರೂ ತೊಂದರೆಯಾ" ಎಂದು ದನಿ ತಗ್ಗಿಸಿ ಕೇಳುತ್ತಾರೆ. ನಮ್ಮ ಅತ್ತೆಯವರನ್ನು ಬದಿಗೆ ಕರೆದು "ಸೊಸೆಗೆ ಹೊಟ್ಟೆ ತುಂಬ ಊಟ ಹಾಕುವುದಿಲ್ಲವಾ" ಎಂದು ವಿಚಾರಿಸಿದವರೂ ಇದ್ದಾರೆ. ಆ ದಿನ ಮನೆಗೆ ಬಂದ ಮೇಲೆ ಅತ್ತೆಯವರು ನನ್ನ ಮುಖ ನೋಡಿ ಮಾತನಾಡಲಿಲ್ಲ. ಇತ್ತೀಚೆಗೆ ಸೇರಿಕೊಂಡ ಹೊಸ ಮಾತೆಂದರೆ, ನಾನು ಶಿವಮೊಗ್ಗಕ್ಕೆ ಹೋಗಿ ಗುಟ್ಟಾಗಿ ತೂಕ ಇಳಿಸುವ ಇಂಜೆಕ್ಷನ್ ಚುಚ್ಚಿಸಿಕೊಂಡು ಬರುತ್ತೇನೆ ಎಂಬುದು. ಇಷ್ಟು ಒದ್ದಾಡಿ ಇಳಿಸಿಕೊಂಡವಳ ಮೇಲೆ ಇಂಥ ಅಪವಾದ ಬಂದರೆ ಹೇಗಾಗಬೇಡ?

ಒದ್ದಾಟ ಎಂದೆನಲ್ಲ, ಅದು ಯಾರಿಗೂ ಕಾಣುವಂಥದ್ದಲ್ಲ. ಮನೆಯಲ್ಲಿ ಐದು ಮಂದಿ, ಕೊಯ್ಲಿನ ಕಾಲಕ್ಕೆ ಕೆಲಸದವರೂ ಸೇರಿ ಹದಿನೈದು ಮಂದಿ. ಎಲ್ಲರಿಗೂ ಬೇಯಿಸಿ ಹಾಕುವವಳು ನಾನು. ಬೆಳಗಿನ ಹೊತ್ತು ಕಾವಲಿಯ ಮುಂದೆ ನಿಂತು ಎಲ್ಲರ ತಟ್ಟೆಗೂ ತೆಳ್ಳೇವು (ತೆಳ್ಳನೆಯ ದೋಸೆ) ಹಾಕುತ್ತ, ಆ ಪರಿಮಳವನ್ನೆಲ್ಲ ಕುಡಿದು, ಕೊನೆಗೆ ನನಗೆಂದು ಎರಡೇ ಹೊಯ್ದುಕೊಂಡು ಕಾವಲಿ ಇಳಿಸಬೇಕು. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು ದಂಡವಾಗಬಾರದೆಂದು ಬಾಯಿಗೆ ಹಾಕಿಕೊಳ್ಳುವುದು ನನ್ನ ಬಹುಕಾಲದ ಅಭ್ಯಾಸವಾಗಿತ್ತು. ಈಗ ಅದನ್ನು ದನಗಳ ಅಕ್ಕಚ್ಚಿನ ಬಾನಿಗೆ ಹಾಕುವಾಗಲೆಲ್ಲ ಯಾರೋ ನೋಡಿ ಏನೋ ಅನ್ನುತ್ತಾರೆ ಎಂಬ ಅಳುಕು. ಅನ್ನವನ್ನು ಒಂದು ಸಣ್ಣ ಬಟ್ಟಲಿನಲ್ಲಿ ಅಳೆದು ತಟ್ಟೆಗೆ ಬೋರಲು ಹಾಕಿಕೊಳ್ಳುತ್ತೇನೆ, ಉಳಿದ ಜಾಗವನ್ನು ಹರಿವೆ, ಬಸಳೆ, ಬೇಯಿಸಿದ ಹೆಸರುಕಾಳು ತುಂಬಬೇಕು. ಮಳೆಗಾಲದಲ್ಲಿ ರಸ್ತೆಗೆ ಇಳಿದರೆ ಕಾಲಿಗೆ ಉಂಬಳ (ಜಿಗಣೆ). ಹಾಗಾಗಿ ಅಡಿಕೆ ಬೇಯಿಸುವ ಮಾಡಿನ ಕೆಳಗೆ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಮೊದಲ ಸಲ ನೋಡಿದ ಕೆಲಸದಾಕೆ ನಾನು ಏನನ್ನೋ ಕಳೆದುಕೊಂಡಿದ್ದೇನೆಂದು ತಿಳಿದು ತಾನೂ ಹುಡುಕಲು ಬಂದಿದ್ದಳು.

ಪಂಕ್ತಿಯ ಊಟದ ಕಥೆ ಬೇರೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಿದ್ದರೂ ಬಡಿಸುವವರು ಬೆರಳ ಸಂದಿಯಲ್ಲಿ ಹೋಳಿಗೆ ಜಾರಿಸಿ, ಹಿಂದೆಯೇ ಬಂದವರು ಅದರ ಮೇಲೆ ಒಂದು ಮಿಳ್ಳೆ ತುಪ್ಪ ಹೊಯ್ದು ಮುಂದಿನ ಎಲೆಗೆ ಹೋಗಿರುತ್ತಾರೆ. ಬಿಟ್ಟರೆ ಅನ್ನಪೂರ್ಣೆಗೆ ಅವಮಾನ, ತಿಂದರೆ ನನ್ನ ವಾರದ ಲೆಕ್ಕ ತಪ್ಪಿತು, ಬೇಡ ಎಂದು ದನಿ ಏರಿಸಿದರೆ ಸೊಕ್ಕು.

ನನ್ನ ಪ್ರಶ್ನೆಗಳು ಮೂರು. ಕಳೆದ ಕೆಲವು ತಿಂಗಳಿಂದ ತೂಕ 66ರಲ್ಲೇ ನಿಂತಿದೆ. ಹಸಿವು ಮಾತ್ರ ಮೊದಲಿಗಿಂತ ಹೆಚ್ಚಾಗಿದೆ. ಇದು ನನ್ನ ಮನಸ್ಸಿನ ದೌರ್ಬಲ್ಯವೋ, ದೇಹದ ಗುಣವೋ? ಈ ಕಾವಲು ಜೀವನಪೂರ್ತಿ ಕಾಯಬೇಕಾದದ್ದೇ? ಕೇಳುವವರಿಗೆಲ್ಲ ಏನೆಂದು ಉತ್ತರ ಕೊಡಬೇಕು, ಅಥವಾ ಕೊಡಲೇಬೇಕೆ?

ಉತ್ತರ: ನಿವೃತ್ತ ದಾದಿ, ಶಿವಮೊಗ್ಗ

ಸಹೋದರಿ, ನಾನು ವೈದ್ಯೆಯಲ್ಲ. ಮಲೆನಾಡಿನ ಆರೋಗ್ಯ ಕೇಂದ್ರಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಆ ಮಿತಿಯಲ್ಲಿ ಹೇಳುತ್ತೇನೆ.

ಮೊದಲು ನೀವು ಕೊಟ್ಟ ಅಂಕಿಗಳನ್ನೇ ನೋಡೋಣ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ ನಿಮಗೆ ಮೊದಲು ಸುಮಾರು 33.7 ಇತ್ತು, ಈಗ 27.1 ಆಗಿದೆ. ನಮ್ಮ ದೇಶದವರಲ್ಲಿ ತೂಕ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬೇಗ ಬರುವುದರಿಂದ, ಭಾರತೀಯ ತಜ್ಞರು 23ಕ್ಕೆ ಅಧಿಕ ತೂಕವೆಂದೂ 25ಕ್ಕೆ ಬೊಜ್ಜು ಎಂದೂ ಗೆರೆ ಎಳೆದಿದ್ದಾರೆ. ಹೆಂಗಸರ ಸೊಂಟದ ಸುತ್ತಳತೆಗೆ 80 ಸೆಂಟಿಮೀಟರಿನ ಮಿತಿ ಹೇಳಿದ್ದಾರೆ. ಅಂದರೆ ನಿಮ್ಮ ಊರಿನವರು "ಸೊರಗಿದ್ದೀಯ" ಎಂದು ಕನಿಕರಪಡುತ್ತಿರುವ ಈ ತೂಕವೂ ಕಾಗದದ ಮೇಲೆ ಇನ್ನೂ ಹೆಚ್ಚೇ. ಇದನ್ನು ಹೇಳಿದ್ದು ನೀವು ಇನ್ನಷ್ಟು ಇಳಿಸಲೇಬೇಕೆಂದಲ್ಲ. ಮಂಡಿನೋವು ಹೋಗಿದೆ, ರಕ್ತದೊತ್ತಡ ಮತ್ತು ಸಕ್ಕರೆ ಸರಿಯಿದ್ದರೆ ಇಲ್ಲಿಯೇ ನಿಲ್ಲುವುದೂ ಒಂದು ದೊಡ್ಡ ಸಾಧನೆಯೇ. ಊರಿನವರ ಕಣ್ಣಳತೆಯನ್ನು ನಂಬಬೇಡಿ ಎಂಬುದಷ್ಟೇ ನನ್ನ ಮಾತು.

ಈಗ ಹಸಿವಿನ ವಿಷಯ. ನಿಮ್ಮ ಮನಸ್ಸಿನಲ್ಲಿ ಯಾವ ದೌರ್ಬಲ್ಯವೂ ಇಲ್ಲ. ಕೊಬ್ಬಿನ ಕಣಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸಿ "ಸಂಗ್ರಹ ಸಾಕಷ್ಟಿದೆ" ಎಂದು ಮೆದುಳಿಗೆ ತಿಳಿಸುತ್ತಿರುತ್ತವೆ. ಇದು ಪತ್ತೆಯಾದದ್ದು 1994ರಲ್ಲಿ. ಕೊಬ್ಬು ಕರಗಿದಾಗ ಆ ಸಂದೇಶ ಕ್ಷೀಣಿಸುತ್ತದೆ, ಹೊಟ್ಟೆಯಿಂದ ಬರುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಏರುತ್ತದೆ, ಮೆದುಳು ಬರಗಾಲ ಬಂದಿದೆಯೆಂದೇ ತಿಳಿಯುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಇಳಿಸಿಕೊಂಡು ಒಂದು ವರ್ಷ ಕಳೆದ ಮೇಲೂ ಈ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ಅಮೆರಿಕದ ಒಂದು ದೂರದರ್ಶನ ಸ್ಪರ್ಧೆಯಲ್ಲಿ ಅತಿ ವೇಗವಾಗಿ ತೂಕ ಇಳಿಸಿದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದಾಗ, ಅವರು ಇಳಿಸಿದ್ದರ ಬಹುಪಾಲನ್ನು ಮತ್ತೆ ಗಳಿಸಿಕೊಂಡಿದ್ದರೂ, ಸುಮ್ಮನೆ ಕೂತಾಗ ದೇಹ ಉರಿಸುವ ಶಕ್ತಿ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯೇ ಇತ್ತು. ನಿಮ್ಮದು ನಿಧಾನದ ಇಳಿಕೆ, ಅಷ್ಟು ವಿಪರೀತವಾಗಿರಲಾರದು. ಆದರೂ 66 ಕಿಲೋದ ದೇಹಕ್ಕೆ 82 ಕಿಲೋದ ದೇಹದಷ್ಟು ಅನ್ನ ಬೇಡ ಎಂಬುದು ಸರಳ ಲೆಕ್ಕ. ನೀವು ಎರಡು ವರ್ಷದ ಹಿಂದೆ ಕಡಿಮೆ ಎಂದು ಹಾಕಿಕೊಂಡ ಅಳತೆ ಇಂದಿನ ದೇಹಕ್ಕೆ ಸರಿಸಮವಾಗಿದೆ, ಆದ್ದರಿಂದಲೇ ತೂಕದ ಮುಳ್ಳು ನಿಂತಿದೆ.

ಹಾಗಿದ್ದರೆ ಏನು ಮಾಡಬೇಕು? ಬಟ್ಟಲನ್ನು ಇನ್ನೂ ಚಿಕ್ಕದು ಮಾಡುತ್ತ ಹೋಗುವುದಕ್ಕಿಂತ ತಟ್ಟೆಯ ಒಳಗನ್ನು ಬದಲಿಸುವುದು ಮೇಲು. ಮಲೆನಾಡಿನ ಊಟದಲ್ಲಿ ಬೆಳಿಗ್ಗೆ ಅಕ್ಕಿಯ ತಿಂಡಿ, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ. ಬೇಳೆಯೆಂಬುದು ಸಾರಿನ ತಳದಲ್ಲಿ ಹುಡುಕಬೇಕಾದ ವಸ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ದಿನದ ಒಟ್ಟು ಕ್ಯಾಲರಿಯಲ್ಲಿ ಧಾನ್ಯಗಳ ಪಾಲು 45 ಶೇಕಡಕ್ಕೆ ಮಿತಿಯಾಗಿರಲಿ ಎಂದಿದೆ. ನಮ್ಮ ಕಡೆ ಅದು ಸುಲಭವಾಗಿ ಅದಕ್ಕಿಂತ ಬಹಳ ಮೇಲಿರುತ್ತದೆ. ಆರೋಗ್ಯವಂತ ವಯಸ್ಕರಿಗೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂಬ ಲೆಕ್ಕದಲ್ಲಿ ನಿಮಗೆ ದಿನಕ್ಕೆ ಸುಮಾರು 55 ಗ್ರಾಂ ಬೇಕು. ನೂರು ಗ್ರಾಂ ಹಸಿ ತೊಗರಿಬೇಳೆಯಲ್ಲಿ ಹೆಚ್ಚುಕಡಿಮೆ 22 ಗ್ರಾಂ ಇದೆ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ; ಮೊಟ್ಟೆ ತಿನ್ನದ ಮನೆಯಾದರೆ ಕಾಳು, ಹಾಲು, ಮೊಸರುಗಳಲ್ಲೇ ತುಂಬಿಸಿಕೊಳ್ಳಬೇಕು. ಜೊತೆಗೆ ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿ. ಇಲ್ಲದಿದ್ದರೆ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಜಿಮ್ಮಿಗೆ ಹೋಗಬೇಕೆಂದಿಲ್ಲ, ಮಾಡಿನ ಕೆಳಗೆ ನೀರು ತುಂಬಿದ ಎರಡು ಕೊಡಪಾನ ಸಾಕು. ಕೆಲಸದಾಕೆ ಮತ್ತೆ ಹುಡುಕಲು ಬಂದರೆ ಅವರ ಕೈಗೂ ಒಂದು ಕೊಡಿ.

ಎರಡನೆಯ ಪ್ರಶ್ನೆಗೆ ಉತ್ತರ, ಹೌದು, ಬಹುಕಾಲ ಕಾಯಬೇಕು. ಅದನ್ನು ಮರೆಮಾಚಿ ಹೇಳುವುದರಿಂದ ಉಪಯೋಗವಿಲ್ಲ.

ಉತ್ತರ: ತುಂಗೆಯ ದಡದ ಅಜ್ಜಿ, ತೀರ್ಥಹಳ್ಳಿ

ಮಗಳೇ, ಮೊಮ್ಮಗ ಓದಿ ಹೇಳಿದ. ನಾನು ಹೇಳುವುದನ್ನು ಅವನೇ ಬರೆಯುತ್ತಿದ್ದಾನೆ, ಬರವಣಿಗೆಯ ಗಾಂಭೀರ್ಯ ಅವನದು.

ಕೇಳುವವರಲ್ಲಿ ಕುಹಕಿಗಳು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ವಯಸ್ಸಿನವರು "ಸೊರಗಿದ್ದೀಯ" ಎಂದಾಗ ಅದರ ಹಿಂದೆ ಬೇರೆಯದೇ ಒಂದು ಭಯವಿದೆ. ನನ್ನ ತಾಯಿಯ ಕಾಲದಲ್ಲಿ ಮಲೆನಾಡೆಂದರೆ ಮಲೇರಿಯಾದ ಸೀಮೆ. ಚಳಿಜ್ವರ ಬಂದುಬಂದು ಹೊಟ್ಟೆಯಲ್ಲಿ ಜ್ವರಗೆಡ್ಡೆ ಬೆಳೆದು, ಕೈಕಾಲು ಕಡ್ಡಿಯಾದ ಮಕ್ಕಳು ಮನೆಮನೆಯಲ್ಲೂ ಇದ್ದರಂತೆ; ಘಟ್ಟದ ಮೇಲಿನ ಊರಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂಜರಿಯುತ್ತಿದ್ದರಂತೆ. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣದ ಕೆಲಸ ಶುರುವಾಗಿ, ಡಿಡಿಟಿ ಹೊಡೆಯುವವರು ಮನೆಯ ಗೋಡೆಗೆಲ್ಲ ಔಷಧಿ ಹೊಡೆದ ಮೇಲೆ ಪರಿಸ್ಥಿತಿ ತಿರುಗಿತು. ಅಂಥ ತಾಯಂದಿರ ಕೈಯಲ್ಲಿ ಬೆಳೆದ ನಮಗೆ "ಮೈಕೈ ತುಂಬಿಕೊಂಡಿದ್ದಾಳೆ" ಎಂಬುದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಇಳಿದ ಮೈ ಕಂಡರೆ ಕ್ಷಯವೋ, ಸಕ್ಕರೆಯೋ ಎಂದು ನಾಲಿಗೆ ತಾನಾಗಿಯೇ ಕೇಳುತ್ತದೆ. ಇದನ್ನು ನೀನು ಸಹಿಸಬೇಕೆಂದು ಹೇಳುತ್ತಿಲ್ಲ, ಯಾರ ಮಾತಿಗೆ ಎಷ್ಟು ನೋಯಬೇಕೆಂದು ತೂಗಿ ನೋಡು ಎನ್ನುತ್ತಿದ್ದೇನೆ. ನಿನ್ನ ಅತ್ತೆಯನ್ನು ಬದಿಗೆ ಕರೆದು ಕೇಳಿದರಲ್ಲ, ಅದು ಮಾತ್ರ ಶುದ್ಧ ಕುಹಕ. ಅಲ್ಲಿ ನೋವು ನಿನಗಿಂತ ಅವಳಿಗೇ ಹೆಚ್ಚಾಗಿದೆ. ಮುಂದಿನ ಸಲ ಅವಳ ಪಕ್ಕ ನೀನೇ ನಿಂತು, "ವೈದ್ಯರು ಹೇಳಿದ್ದಾರೆ, ಅತ್ತೆ ನನಗೆಂದೇ ಬೇರೆ ಕಾಳುಪಲ್ಯ ಮಾಡಿಕೊಡುತ್ತಾರೆ" ಎಂದು ನಾಲ್ಕು ಜನರ ಮುಂದೆ ಹೇಳು. ಮಾಡಿಕೊಡದಿದ್ದರೂ ಹೇಳು. ಮರುದಿನದಿಂದ ಮಾಡಿಕೊಡುತ್ತಾಳೆ.

ಪಂಕ್ತಿಯ ಊಟಕ್ಕೆ ನಾನೊಂದು ಉಪಾಯ ಹೇಳುತ್ತೇನೆ. ಬಡಿಸುವವರ ಕಣ್ಣು ಖಾಲಿ ಜಾಗದ ಮೇಲಿರುತ್ತದೆಯೇ ಹೊರತು ನಿನ್ನ ಮುಖದ ಮೇಲಲ್ಲ. ಎಲೆಯಲ್ಲಿ ಪಾಯಸ ಮುಗಿದ ಕೂಡಲೇ ಸೌಟು ಬಾಗುತ್ತದೆ, ಹೋಳಿಗೆಯ ಜಾಗ ಬರಿದಾದರೆ ಇನ್ನೊಂದು ಬೀಳುತ್ತದೆ. ಆದ್ದರಿಂದ ಮೊದಲು ಹಾಕಿದ್ದರಲ್ಲೇ ಅರ್ಧ ಹೋಳಿಗೆ ಕೊನೆಯವರೆಗೂ ಎಲೆಯಲ್ಲಿ ಉಳಿದಿರಲಿ. ಕೋಸಂಬರಿ, ಪಲ್ಯ ಎರಡೆರಡು ಸಲ ಕೇಳಿ ಹಾಕಿಸಿಕೋ. ಬಡಿಸುವವನಿಗೆ ತೃಪ್ತಿ, ಮನೆಯವರಿಗೆ ಮರ್ಯಾದೆ, ಎದ್ದೇಳುವಾಗ ಆ ಅರ್ಧವನ್ನು ತಿಂದರಾಯಿತು. ಇನ್ನೂ ಒಳ್ಳೆಯ ದಾರಿ ಎಂದರೆ ಸೆರಗು ಸಿಕ್ಕಿಸಿ ಬಡಿಸಲು ನಿಲ್ಲುವುದು. ಬಡಿಸುವವರು ಕೊನೆಯ ಪಂಕ್ತಿಯಲ್ಲಿ ಕೂರುತ್ತಾರೆ, ಆ ಹೊತ್ತಿಗೆ ಒತ್ತಾಯ ಮಾಡುವವರೆಲ್ಲ ಎಲೆಯಡಿಕೆ ಹಾಕಿಕೊಂಡು ಜಗುಲಿಯಲ್ಲಿ ಮಲಗಿರುತ್ತಾರೆ.

ಉತ್ತರ: ಬೆಳಗಿನ ಓಟಗಾರ

ಎಲ್ಲರೂ ಹಾರ್ಮೋನು, ಸಂಪ್ರದಾಯ ಎಂದು ಕಾರಣ ಹೇಳುತ್ತಿದ್ದಾರೆ. ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಬೆಳಗಿನ ಐದೂವರೆಗೆ ಓಡುವವರಲ್ಲಿ ನಾನೂ ಒಬ್ಬ, ನನಗೂ ಹಸಿವಾಗುತ್ತದೆ. ಒಳಗೆ ಹೋಗುವ ಕ್ಯಾಲರಿ ಹೊರಗೆ ಹೋಗುವುದಕ್ಕಿಂತ ಕಡಿಮೆಯಿದ್ದರೆ ತೂಕ ಇಳಿಯಲೇಬೇಕು, ಇದು ಭೌತಶಾಸ್ತ್ರ. ಒಂದು ಕಿಲೋ ಕೊಬ್ಬೆಂದರೆ ಸುಮಾರು 7,700 ಕ್ಯಾಲರಿ. ದಿನಕ್ಕೆ 500 ಉಳಿಸಿದರೆ ಹದಿನೈದು ದಿನಕ್ಕೆ ಒಂದು ಕಿಲೋ. ತಿಂದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ, ಲೆಕ್ಕ ಎಲ್ಲಿ ಸೋರುತ್ತಿದೆ ಎಂಬುದು ತಿಳಿಯುತ್ತದೆ. ಮನಸ್ಸು ಗಟ್ಟಿಯಿದ್ದವರಿಗೆ ಊರಿನವರ ಮಾತು ತಾಗುವುದಿಲ್ಲ. ಇಂಜೆಕ್ಷನ್ ಎಂದು ಯಾರಾದರೂ ಅಂದರೆ ಆ ಪುಸ್ತಕವನ್ನು ಅವರ ಮುಂದೆ ಹಿಡಿಯಿರಿ.

ಉತ್ತರ: ನಿವೃತ್ತ ದಾದಿ, ಶಿವಮೊಗ್ಗ

ಓಟಗಾರರೇ, ಬರೆದಿಡುವ ಸಲಹೆ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಭೌತಶಾಸ್ತ್ರವನ್ನೂ ಒಪ್ಪುತ್ತೇನೆ. ಆದರೆ ಹೊರಗೆ ಹೋಗುವ ಕ್ಯಾಲರಿ ಸ್ಥಿರವಾಗಿ ನಿಲ್ಲುವುದಿಲ್ಲ, ತೂಕ ಇಳಿದಂತೆ ಅದೂ ಇಳಿಯುತ್ತದೆ ಎಂದು ಮೇಲೆ ಬರೆದದ್ದನ್ನು ನೀವು ಓದಿದಂತಿಲ್ಲ. ನಿಮ್ಮ ಹದಿನೈದು ದಿನದ ಲೆಕ್ಕ ಮೊದಲ ತಿಂಗಳುಗಳಿಗೆ ಸರಿ, ಎರಡನೆಯ ವರ್ಷಕ್ಕೆ ಸಲ್ಲುವುದಿಲ್ಲ.

ಇನ್ನು ಗಟ್ಟಿ ಮನಸ್ಸಿನ ವಿಚಾರ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಮಿನೆಸೋಟದಲ್ಲಿ 36 ಮಂದಿ ಆರೋಗ್ಯವಂತ ಯುವಕರು, ಯುದ್ಧಕ್ಕೆ ಹೋಗುವುದಿಲ್ಲ, ಬದಲಿಗೆ ಹಸಿವಿನ ಸಂಶೋಧನೆಗೆ ಮೈ ಕೊಡುತ್ತೇವೆ ಎಂದು ತಾವಾಗಿ ಮುಂದೆ ಬಂದರು. ತತ್ವಕ್ಕಾಗಿ ಸೇನೆಯನ್ನೇ ನಿರಾಕರಿಸಿದವರ ಮನಸ್ಸು ಗಟ್ಟಿಯಲ್ಲ ಎನ್ನಲಾದೀತೆ? ಆರು ತಿಂಗಳು ಅರೆಹೊಟ್ಟೆಯಲ್ಲಿದ್ದಾಗ ಅವರು ಹಗಲೂ ರಾತ್ರಿ ಊಟದ ಯೋಚನೆಯಲ್ಲೇ ಮುಳುಗಿ, ಅಡುಗೆ ಪುಸ್ತಕಗಳನ್ನು ಓದುತ್ತ, ತಟ್ಟೆ ನೆಕ್ಕುವ ಸ್ಥಿತಿಗೆ ಬಂದರು. ಡೆನ್ಮಾರ್ಕಿನಲ್ಲಿ ದತ್ತು ಹೋದ ಮಕ್ಕಳ ಬಗ್ಗೆ 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೊಡ್ಡವರಾದ ಮೇಲೆ ಅವರ ಮೈಕಟ್ಟು ಹೆತ್ತವರಿಗೆ ಹೋಲುತ್ತಿತ್ತು, ಸಾಕಿ ಊಟ ಹಾಕಿದವರಿಗೆ ಹೋಲುತ್ತಿರಲಿಲ್ಲ. ನಿಮಗೆ ಸುಲಭವಾಗಿ ಇಳಿದಿರಬಹುದು, ಸಂತೋಷ. ಹದಿನೈದು ಮಂದಿಗೆ ತೆಳ್ಳೇವು ಹೊಯ್ದು ತಾನು ಎರಡು ತಿಂದು ಏಳುವವರ ಹಸಿವನ್ನು, ಮನೆಗೆ ಹೋದರೆ ತಟ್ಟೆ ಮುಂದೆ ಬರುವವರ ಹಸಿವಿನೊಂದಿಗೆ ಹೋಲಿಸಬೇಡಿ.

ಉತ್ತರ: ಭದ್ರಾವತಿಯವ

ಇಲ್ಲಿಯವರೆಗೆ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಆ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವನು ನಾನು.

ನನಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾದವು. ಮಾತ್ರೆ ಸಾಲದೆ ಇನ್ಸುಲಿನ್ ಶುರುವಾದ ಮೇಲೆ ತೂಕ ಇನ್ನೂ ಏರಿತು; ಇನ್ಸುಲಿನ್ ತೆಗೆದುಕೊಳ್ಳುವ ಅನೇಕರಿಗೆ ಹಾಗಾಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರು. ಕೊನೆಗೆ ಅವರ ಸಲಹೆಯಂತೆ ಸೆಮಾಗ್ಲುಟೈಡ್ ಎಂಬ, ವಾರಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಚುಚ್ಚಿಕೊಳ್ಳುವ ಔಷಧಿಯನ್ನು ಆರಂಭಿಸಿದೆ. 2025ರಲ್ಲಿ ಮೌಂಜಾರೊ, ವೆಗೋವಿ ಎಂಬ ಹೆಸರಿನ ಇಂಥದೇ ಔಷಧಿಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದಂದಿನಿಂದ ಸಣ್ಣಗಾದವರನ್ನೆಲ್ಲ ಜನ ಸಂಶಯದಿಂದ ನೋಡಲು ಆರಂಭಿಸಿದ್ದಾರೆ, ನಿಜ. ಆದರೆ ಸಾಗರದ ತಂಗಿಯವರೇ, ನೀವು ಬರೆದ ರೀತಿ ನೋಡಿದರೆ, ನಿಮ್ಮ ಮೇಲೆ ಅದು ಸುಳ್ಳಾಗಿ ಬಂದದ್ದಕ್ಕಿಂತ, ನಿಜವಾಗಿದ್ದರೆ ನಾಚಿಕೆಗೇಡಾಗಿರುತ್ತಿತ್ತು ಎಂಬ ಭಾವನೆಯೇ ಹೆಚ್ಚು ಕಂಡಿತು. ಬೆವರು ಹರಿಸಿ ಇಳಿಸಿದವರು ಪುಣ್ಯವಂತರು, ಔಷಧಿಯಿಂದ ಇಳಿಸಿದವರು ಕಳ್ಳದಾರಿ ಹಿಡಿದವರು ಎಂಬ ಈ ಭೇದ ನನಗೆ ಅರ್ಥವಾಗುವುದಿಲ್ಲ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರನ್ನು ಯಾರೂ ಹಾಗೆ ಕೇಳುವುದಿಲ್ಲವಲ್ಲ.

ಸುಲಭವೆಂದು ತಿಳಿದವರಿಗಾಗಿ ಇಷ್ಟು ಹೇಳುತ್ತೇನೆ. ಪ್ರಮಾಣ ಏರಿಸಿದ ವಾರಗಳಲ್ಲಿ ಹೊಟ್ಟೆ ತೊಳಸಿ, ಒಗ್ಗರಣೆಯ ವಾಸನೆಗೇ ವಾಂತಿ ಬರುತ್ತಿತ್ತು. ಮಲಬದ್ಧತೆ ಇನ್ನೂ ಇದೆ. ತಿಂಗಳಿಗೆ ಸಾವಿರಾರು ರೂಪಾಯಿಯ ಖರ್ಚು. ನಿಲ್ಲಿಸಿದರೆ ಏನಾಗುತ್ತದೆಂಬುದೂ ಗೊತ್ತಿದೆ: ಈ ಔಷಧಿಯ ಪರೀಕ್ಷೆಯಲ್ಲಿ ಪಾಲ್ಗೊಂಡು ನಿಲ್ಲಿಸಿದವರು ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲನ್ನು ಮರಳಿ ಪಡೆದರೆಂದು 2022ರಲ್ಲಿ ವರದಿಯಾಯಿತು. ಅಂದರೆ ದಾದಿಯಮ್ಮ ಹೇಳಿದ ಆ ಕಾವಲು ನನಗೂ ತಪ್ಪಿದ್ದಲ್ಲ. ಇಷ್ಟಾದರೂ ಇಂಜೆಕ್ಷನ್ನಿನ ಪೆನ್ನನ್ನು ನಾನು ಫ್ರಿಜ್ಜಿನಲ್ಲಿ ಅಪ್ಪೆಮಿಡಿಯ ಬಾಟಲಿಗಳ ಹಿಂದೆ ಇಡುತ್ತೇನೆ. ನೆಂಟರು ಬಂದರೆ ತಣ್ಣೀರು ತರಲು ನಾನೇ ಏಳುತ್ತೇನೆ. "ವಾಕಿಂಗ್ ಮಾಡುತ್ತೇನೆ" ಎಂದು ಎಲ್ಲರಿಗೂ ಹೇಳಿದ್ದೇನೆ. ಮಾಡುತ್ತಲೂ ಇದ್ದೇನೆ, ಆದ್ದರಿಂದ ಪೂರ್ತಿ ಸುಳ್ಳೇನಲ್ಲ.

ಒಂದು ಎಚ್ಚರಿಕೆಯ ಮಾತು ಇಲ್ಲಿ ಓದುವ ಇತರರಿಗೆ. ಇದನ್ನು ವೈದ್ಯರ ಚೀಟಿಯಿಲ್ಲದೆ, ಯಾರದೋ ಮಾತು ಕೇಳಿ, ಮದುವೆಗೆ ಮುಂಚೆ ಐದು ಕಿಲೋ ಇಳಿಸಲೆಂದು ಚುಚ್ಚಿಕೊಳ್ಳಬೇಡಿ.

ಪ್ರಶ್ನೆ ಕೇಳಿದವರಿಂದ: ಸಾಗರದ ಸೊಸೆ

ಎಲ್ಲರಿಗೂ ಕೃತಜ್ಞತೆಗಳು. ಅಜ್ಜಿಯವರ ಅರ್ಧ ಹೋಳಿಗೆಯ ಉಪಾಯ ಓದಿ ಅತ್ತೆಯವರೂ ನಕ್ಕರು. ಅವರಿಗೆ ನಾನೇ ಈ ಉತ್ತರಗಳನ್ನು ಓದಿ ಹೇಳಿದೆ, ಕಾಳುಪಲ್ಯದ ಭಾಗವನ್ನು ಬಿಟ್ಟು. ಬರುವ ತಿಂಗಳು ನೆಂಟರ ಮನೆಯಲ್ಲಿ ಉಪನಯನವಿದೆ, ಬಡಿಸಲು ನಿಲ್ಲುವೆನೆಂದು ಈಗಲೇ ಹೇಳಿಕಳಿಸಿದ್ದೇನೆ.

ಭದ್ರಾವತಿಯ ಅಣ್ಣನವರ ಮಾತು ಒಪ್ಪತಕ್ಕದ್ದು. ಆದರೂ ಒಂದು ವಿಷಯದಲ್ಲಿ ನನ್ನ ಅಸಮಾಧಾನ ಉಳಿದೇ ಇದೆ. ಅವರು ಔಷಧಿ ತೆಗೆದುಕೊಂಡೂ ವಾಕಿಂಗ್ ಎನ್ನಬೇಕಾಗಿದೆ, ನಾನು ನಡೆದೂ ಔಷಧಿ ಎನ್ನಿಸಿಕೊಳ್ಳಬೇಕಾಗಿದೆ. ಯಾವ ದಾರಿಯಿಂದ ಇಳಿದರೂ ಜನರಿಗೆ ಪುರಾವೆ ತೋರಿಸಬೇಕಾದವರು ನಾವೇ. ಓಟಗಾರರು ಹೇಳಿದಂತೆ ಪುಸ್ತಕ ಬರೆಯುತ್ತೇನೆ, ಆದರೆ ಅದನ್ನು ಯಾರ ಮುಂದೆಯೂ ಹಿಡಿಯುವುದಿಲ್ಲ. ಇನ್ನು ಮುಂದೆ ಕೇಳಿದವರಿಗೆ "ಹುಷಾರಾಗಿದ್ದೇನೆ, ನೀವು ಹೇಗಿದ್ದೀರಿ" ಎಂದಷ್ಟೇ ಹೇಳಿ ಮುಂದೆ ಹೋಗಬೇಕೆಂದು ನಿಶ್ಚಯಿಸಿದ್ದೇನೆ. ಅಜ್ಜಿಯಂಥವರು ಕೇಳಿದರೆ ಮಾತ್ರ ಕೂತು ವಿವರವಾಗಿ ಹೇಳುತ್ತೇನೆ.

ದಾದಿಯಮ್ಮನವರಲ್ಲಿ ಇನ್ನೊಂದು ಪ್ರಶ್ನೆ. ಈಚೆಗೆ ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿದೆ, ಬೇಗ ಸುಸ್ತಾಗುತ್ತದೆ. ತೂಕ ಇಳಿದದ್ದಕ್ಕೆ ಹೀಗಾಗುವುದು ಸಹಜವೇ?

ಉತ್ತರ: ನಿವೃತ್ತ ದಾದಿ, ಶಿವಮೊಗ್ಗ

ವೇಗವಾಗಿ ತೂಕ ಇಳಿದವರಿಗೆ ಎರಡು ಮೂರು ತಿಂಗಳ ನಂತರ ಕೂದಲು ಉದುರಿ, ಸಾಮಾನ್ಯವಾಗಿ ಆರು ತಿಂಗಳೊಳಗೆ ಸರಿಹೋಗುವುದುಂಟು. ನಿಮ್ಮದು ಎರಡು ವರ್ಷದ ನಿಧಾನದ ಇಳಿಕೆ, ಅದೂ ಈಗ ನಿಂತಿದೆ. ಹಾಗಾಗಿ ತೂಕದ ಮೇಲೆ ಹಾಕಿ ಸುಮ್ಮನಿರಬೇಡಿ. ಸುಸ್ತೂ ಜೊತೆಗಿದೆ ಎಂದಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡ ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಥೈರಾಯ್ಡಿನ ಟಿಎಸ್‌ಎಚ್, ಜೊತೆಗೆ ಸಕ್ಕರೆಯ ಪರೀಕ್ಷೆ, ಇವಿಷ್ಟನ್ನು ವೈದ್ಯರಿಗೆ ಹೇಳಿ ಮಾಡಿಸಿ. ಥೈರಾಯ್ಡ್ ಕಡಿಮೆಯಿದ್ದರೆ ಕೂದಲು, ಸುಸ್ತು, ನಿಂತ ಮುಳ್ಳು ಮೂರಕ್ಕೂ ಅದೇ ಕಾರಣವಾಗಿರಬಹುದು. ಊಟವಾದ ಕೂಡಲೇ ಕಾಫಿ ಕುಡಿಯುವ ಅಭ್ಯಾಸವಿದ್ದರೆ ಒಂದು ಗಂಟೆ ಮುಂದೂಡಿ, ಅದು ಸೊಪ್ಪು ಕಾಳುಗಳಲ್ಲಿನ ಕಬ್ಬಿಣವನ್ನು ದೇಹಕ್ಕೆ ಹಿಡಿಯಗೊಡುವುದಿಲ್ಲ. ಹರಿವೆ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ. ವರದಿ ಬಂದ ಮೇಲೆ ಇಲ್ಲಿ ಬರೆಯಬೇಕೆಂದಿಲ್ಲ, ನಿಮ್ಮ ವೈದ್ಯರಿಗೆ ತೋರಿಸಿದರೆ ಸಾಕು.